ಗಾಲಿಕುರ್ಚಿ ತಿರುಗುವ ಮನೆಗೆ ಸರ್ಕಾರದ ಹಣ ಬೇಕು

ಸರ್ಕಾರಿ ವಸತಿ ಯೋಜನೆಗಳಲ್ಲಿ ವಿಕಲಚೇತನರಿಗೆ ಶೇ 5ರಷ್ಟು ಮೀಸಲಾತಿ ಈಗಾಗಲೇ ಇರುವಾಗ ಗಾಲಿಕುರ್ಚಿ ಬಳಸುವವರ ಮನೆಗೆಂದು ಬೇರೆ ಅನುದಾನ ಏಕೆ ಬೇಕು ಎಂಬುದು ಓದುಗರಿಂದ ಪದೇ ಪದೇ ಬರುವ ಪ್ರಶ್ನೆ. ಮನೆ ಮಂಜೂರಾದ ಮೇಲೆ ವಸತಿಯ ಸಮಸ್ಯೆ ಮುಗಿಯಿತು ಎಂಬ ಸಾಮಾನ್ಯ ತಿಳಿವಳಿಕೆಯೇ ಈ ಪ್ರಶ್ನೆಯ ಮೂಲ. ಮೀಸಲಾತಿಯು ಮನೆ ಯಾರಿಗೆ ಸಿಗಬೇಕು ಎಂಬುದನ್ನಷ್ಟೇ ನಿರ್ಧರಿಸುತ್ತದೆ. ಸಿಕ್ಕ ಮನೆಯೊಳಗೆ ಆ ವ್ಯಕ್ತಿ ಇನ್ನೊಬ್ಬರು ಎತ್ತದೆ ಹೋಗಿಬರಬಲ್ಲರೇ, ಬಚ್ಚಲು ತಲುಪಬಲ್ಲರೇ, ಒಲೆಯ ಮುಂದೆ ಕುಳಿತು ಅಡುಗೆ ಮಾಡಬಲ್ಲರೇ ಎಂಬ ಪ್ರಶ್ನೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಈ ಉಳಿದ ಭಾಗ ಈಡೇರಬೇಕಾದರೆ ವಸತಿ ಯೋಜನೆಯೊಳಗೇ ಅದಕ್ಕೆಂದು ಸರ್ಕಾರದ ಹಣ ಇರಬೇಕು ಎಂಬುದು ಈ ಬರಹದ ನಿಲುವು.

2011ರ ಜನಗಣತಿಯು ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರನ್ನು ಗುರುತಿಸಿತು. ದೇಶದ ಲೆಕ್ಕದಲ್ಲಿ ಸುಮಾರು 54 ಲಕ್ಷ ಮಂದಿ, ಅಂದರೆ ಐವರಲ್ಲಿ ಒಬ್ಬರು, ಚಲನೆಯ ವೈಕಲ್ಯವುಳ್ಳವರು. ಇವರೆಲ್ಲರೂ ಗಾಲಿಕುರ್ಚಿ ಬಳಸುವುದಿಲ್ಲವಾದರೂ ಬಳಸುವವರ ಬಳಗ ಸಣ್ಣದೇನಲ್ಲ: ಪೋಲಿಯೊ ನಿರ್ಮೂಲನೆಗೆ ಮೊದಲು ಹುಟ್ಟಿದ ತಲೆಮಾರಿನವರು, ಮಿದುಳಿನ ಪಾರ್ಶ್ವವಾಯುವಿನೊಂದಿಗೆ ಹುಟ್ಟಿದ ಮಕ್ಕಳು, ಸ್ನಾಯುಗಳು ವರ್ಷದಿಂದ ವರ್ಷಕ್ಕೆ ಕ್ಷೀಣಿಸುವ ಕಾಯಿಲೆಯವರು, ರಸ್ತೆ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾದವರು, ಮಲೆನಾಡು ಮತ್ತು ಕರಾವಳಿಯಲ್ಲಿ ಅಡಿಕೆ ಅಥವಾ ತೆಂಗಿನ ಮರದಿಂದ ಬಿದ್ದು ಸೊಂಟದ ಕೆಳಗಿನ ಸ್ವಾಧೀನ ಕಳೆದುಕೊಂಡ ಕೂಲಿ ಕಾರ್ಮಿಕರು, ಲಕ್ವ ಹೊಡೆದ ಹಿರಿಯರು ಎಲ್ಲರೂ ಇದರಲ್ಲಿ ಸೇರುತ್ತಾರೆ. ಈ ಕಾರಣಗಳಲ್ಲಿ ಹಲವು ಯಾವ ಕುಟುಂಬವನ್ನೂ ಯಾವ ದಿನವಾದರೂ ತಟ್ಟಬಹುದಾದಂಥವು.

ಇವರ ವಸತಿಯ ಹಕ್ಕನ್ನು ಕಾನೂನು ಒಪ್ಪಿಕೊಂಡಿದೆ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಭಾರತ 2007ರಲ್ಲಿ ಸ್ಥಿರೀಕರಿಸಿತು. ಎಲ್ಲಿ, ಯಾರೊಂದಿಗೆ ವಾಸಿಸಬೇಕೆಂಬುದನ್ನು ಆಯ್ದುಕೊಳ್ಳುವ ಅವಕಾಶವನ್ನು ಅದರ 19ನೇ ವಿಧಿಯೂ, ಸಾರ್ವಜನಿಕ ವಸತಿ ಯೋಜನೆಗಳ ಪ್ರಯೋಜನವನ್ನು 28ನೇ ವಿಧಿಯೂ ಎತ್ತಿಹಿಡಿಯುತ್ತವೆ. ಆ ಒಡಂಬಡಿಕೆಗೆ ಅನುಗುಣವಾಗಿ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2016ರ 37ನೇ ಸೆಕ್ಷನ್, ಕೃಷಿ ಜಮೀನು ಹಾಗೂ ವಸತಿ ಹಂಚಿಕೆಯಲ್ಲಿ ಶೇ 40ಕ್ಕಿಂತ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಶೇ 5ರಷ್ಟು ಪಾಲನ್ನು ಕಾಯ್ದಿರಿಸಿ, ಅದರೊಳಗೆ ಮಹಿಳೆಯರಿಗೆ ಆದ್ಯತೆ ನೀಡಬೇಕೆಂದು ಹೇಳುತ್ತದೆ. ಕರ್ನಾಟಕದಲ್ಲಿ ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಜಾರಿಯಾಗುವ ದೇವರಾಜ ಅರಸು ವಸತಿ ಯೋಜನೆಯ ವಿಶೇಷ ವರ್ಗಗಳಲ್ಲಿಯೂ ವಿಕಲಚೇತನರು ಸೇರಿದ್ದಾರೆ. ಆದ್ದರಿಂದ ಕೊರತೆ ಇರುವುದು ಹಕ್ಕಿನ ಘೋಷಣೆಯಲ್ಲಲ್ಲ, ಕಟ್ಟಲ್ಪಡುವ ಮನೆಯ ಅಳತೆಯಲ್ಲಿ.

ಆ ಅಳತೆಗಳು ಗಹನವಾದವೇನಲ್ಲ. ಸಾಮಾನ್ಯ ಗಾಲಿಕುರ್ಚಿಯೊಂದು ಸುಮಾರು 65ರಿಂದ 70 ಸೆಂಟಿಮೀಟರ್ ಅಗಲವಿರುತ್ತದೆ. ಚಕ್ರ ತಳ್ಳುವ ಕೈಗಳಿಗೂ ಜಾಗ ಬೇಕಾದ್ದರಿಂದ ಬಾಗಿಲಿನ ಒಳ ಅಗಲ 90 ಸೆಂಟಿಮೀಟರ್ ಇರಬೇಕೆಂದು ತಜ್ಞರು ಹೇಳುತ್ತಾರೆ. ಕುರ್ಚಿ ಪೂರ್ತಿ ತಿರುಗಬೇಕಾದರೆ 1.5 ಮೀಟರ್, ಅಂದರೆ ಸುಮಾರು 5 ಅಡಿ ವ್ಯಾಸದ ಖಾಲಿ ನೆಲ ಬೇಕು. ಬಾಗಿಲಿಗೆ ಏರುವ ಇಳಿಜಾರು, ಅಂದರೆ ರ‍್ಯಾಂಪ್, 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದವಿರಬೇಕು. ಅದಕ್ಕಿಂತ ಕಡಿದಾದರೆ ಹತ್ತುವಾಗ ತೋಳು ಸೋಲುತ್ತದೆ, ಇಳಿಯುವಾಗ ಕುರ್ಚಿ ಮುಗ್ಗರಿಸುತ್ತದೆ. ಮಳೆನೀರು ಒಳನುಗ್ಗದಂತೆ ನಮ್ಮ ಹಳ್ಳಿಗಳಲ್ಲಿ ಪಾಯವನ್ನು ನೆಲದಿಂದ ಒಂದೂವರೆಯಿಂದ ಎರಡು ಅಡಿ ಮೇಲೆತ್ತುವುದು ರೂಢಿಯಾಗಿರುವುದರಿಂದ, ಅಂಥ ಮನೆಗೆ 18ರಿಂದ 24 ಅಡಿ ಉದ್ದದ ರ‍್ಯಾಂಪ್ ಬೇಕಾಗುತ್ತದೆ. ಆಶ್ರಯ ಬಡಾವಣೆಯ 20 ಅಡಿ ಅಗಲ, 30 ಅಡಿ ಉದ್ದದ ನಿವೇಶನವೊಂದರಲ್ಲಿ ಅಷ್ಟು ಉದ್ದದ ರ‍್ಯಾಂಪನ್ನು ಮೊದಲೇ ಯೋಚಿಸಿ ಕೂರಿಸದೆ ಹೋದರೆ ಆಮೇಲೆ ಅದಕ್ಕೆ ಜಾಗವೇ ಉಳಿಯುವುದಿಲ್ಲ.

ಮನೆಯೊಳಗಿನ ಕಥೆಯೂ ಇಂಥದೇ. ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ; ಬಯಲು ಪ್ರದೇಶದಲ್ಲಿ ಅದಕ್ಕೆ ಸಿಗುವ ನೆರವು 1.20 ಲಕ್ಷ ರೂಪಾಯಿ. ಈ ಚೌಕಟ್ಟಿನೊಳಗೆ ಮೇಸ್ತ್ರಿ ಕಟ್ಟಿಕೊಡುವ ಶೌಚಾಲಯ ಸಾಮಾನ್ಯವಾಗಿ ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದದ್ದಾಗಿರುತ್ತದೆ, ಅದರೊಳಗೆ ಕುಕ್ಕರಗಾಲಿನಲ್ಲಿ ಕೂರುವ ಬೇಸಿನ್ ಇರುತ್ತದೆ, ಬಾಗಿಲು ಒಳಕ್ಕೆ ತೆರೆಯುತ್ತದೆ. 5 ಅಡಿ ವ್ಯಾಸದ ವೃತ್ತ ಅದರಲ್ಲಿ ಹಿಡಿಸುವ ಮಾತೇ ಇಲ್ಲ. ಹೊಸ್ತಿಲು ಎರಡು ಮೂರು ಅಂಗುಲ ಎದ್ದಿರುವುದರಿಂದ ಕುರ್ಚಿಯ ಮುಂದಿನ ಚಿಕ್ಕ ಚಕ್ರಗಳು ಅಲ್ಲೇ ತಡೆದು ನಿಲ್ಲುತ್ತವೆ. ಅರಿಸಿನ ಕುಂಕುಮವಿಟ್ಟು ಪೂಜಿಸುವ ಹೊಸ್ತಿಲನ್ನು ಬಿಟ್ಟುಕೊಡದೆಯೇ ಅದರ ಮರವನ್ನೋ ಕಲ್ಲನ್ನೋ ನೆಲದ ಮಟ್ಟಕ್ಕೆ ಹುದುಗಿಸುವುದು ಸಾಧ್ಯವಿದ್ದರೂ ಹಾಗೆ ಮಾಡಬೇಕೆಂದು ಹೇಳುವವರು ಕೆಲಸದ ಸ್ಥಳದಲ್ಲಿ ಇರುವುದಿಲ್ಲ. ಅಡುಗೆ ಕಟ್ಟೆ ನಿಂತು ಕೆಲಸ ಮಾಡುವವರ ಎತ್ತರಕ್ಕಿರುತ್ತದೆ, ಅದರ ಕೆಳಗೆ ಮೊಣಕಾಲು ತೂರಿಸಲು ತೆರಪಿರುವುದಿಲ್ಲ, ವಿದ್ಯುತ್ ಸ್ವಿಚ್ಚುಗಳು ಕುಳಿತವರ ಕೈಗೆ ಎಟಕುವುದಿಲ್ಲ.

ಈ ಕೆಲವು ಅಂಗುಲಗಳ ವ್ಯತ್ಯಾಸ ಬದುಕಿನಲ್ಲಿ ಏನಾಗಿ ಪರಿಣಮಿಸುತ್ತದೆ ಎಂಬುದನ್ನು ಪುನರ್ವಸತಿ ಕ್ಷೇತ್ರದಲ್ಲಿ ಕೆಲಸ ಮಾಡುವವರೆಲ್ಲರೂ ಬಲ್ಲರು. ಶೌಚಾಲಯಕ್ಕೆ ಹೋಗಲು ಪ್ರತಿ ಸಲವೂ ಯಾರಾದರೂ ಎತ್ತಿಕೊಂಡು ಹೋಗಬೇಕಾದಾಗ ಜನ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ; ಬೆನ್ನುಹುರಿಗೆ ಪೆಟ್ಟಾದವರಲ್ಲಿ ಮೂತ್ರನಾಳದ ಸೋಂಕು ಮೊದಲೇ ಹೆಚ್ಚಿರುವುದರಿಂದ ಈ ಅಭ್ಯಾಸ ಅಪಾಯವನ್ನು ಬೆಳೆಸುತ್ತದೆ. ಕುರ್ಚಿ ಓಡಾಡದ ಮನೆಯಲ್ಲಿ ದಿನವಿಡೀ ಹಾಸಿಗೆಯಲ್ಲೇ ಉಳಿಯುವ ದೇಹಕ್ಕೆ, ಒತ್ತಡ ಬಿದ್ದ ಕಡೆ ರಕ್ತಸಂಚಾರ ನಿಂತು, ಹಾಸಿಗೆ ಹುಣ್ಣಾಗುತ್ತದೆ. ಅದು ಮೂಳೆಯವರೆಗೂ ಇಳಿದರೆ ತಿಂಗಳುಗಟ್ಟಲೆ ಆಸ್ಪತ್ರೆ ವಾಸ ಬೇಕಾಗುತ್ತದೆ, ಪ್ರಾಣಕ್ಕೂ ಕುತ್ತಾಗುತ್ತದೆ. ಎತ್ತಿ ಇಳಿಸುವ ಕೆಲಸ ಹೆಚ್ಚಾಗಿ ತಾಯಿಯ ಅಥವಾ ಹೆಂಡತಿಯ ಪಾಲಿಗೆ ಬರುವುದರಿಂದ ಆಕೆಯ ಬೆನ್ನು ಸೋಲುತ್ತದೆ, ಕೂಲಿಯೂ ತಪ್ಪುತ್ತದೆ. ಮಗ ಅಥವಾ ಮಗಳು ಬೆಳೆದು ಭಾರವಾದಂತೆ ಶಾಲೆಗೆ ಕಳಿಸುವುದು ನಿಲ್ಲುವುದಕ್ಕೆ ಎಷ್ಟೋ ವೇಳೆ ಶಾಲೆಯ ಮೆಟ್ಟಿಲಿಗಿಂತ ಮೊದಲು ಮನೆಯ ಮೆಟ್ಟಿಲೇ ಕಾರಣವಾಗಿರುತ್ತದೆ. ಆಸ್ಪತ್ರೆಯ ಪುನರ್ವಸತಿ ವಿಭಾಗದಲ್ಲಿ ವಾರಗಟ್ಟಲೆ ದುಡಿದು ಕಲಿತ ಸ್ವಾವಲಂಬನೆ, ಮನೆಗೆ ಮರಳಿದ ಮೊದಲ ವಾರದಲ್ಲೇ ಬಳಕೆಯಿಲ್ಲದೆ ಹಾಳಾಗುತ್ತದೆ.

ಇಲ್ಲಿ ಸರ್ಕಾರ ಹಣವನ್ನೇ ಖರ್ಚು ಮಾಡುತ್ತಿಲ್ಲ ಎಂದು ಹೇಳುವಂತಿಲ್ಲ. ಸಾಧನ ಸಲಕರಣೆಗಳನ್ನು ಉಚಿತವಾಗಿ ನೀಡುವ ಕೇಂದ್ರದ ಯೋಜನೆ 1981ರಿಂದ ಜಾರಿಯಲ್ಲಿದೆ. ಕಾನ್ಪುರದಲ್ಲಿ ಮುಖ್ಯ ಕಾರ್ಖಾನೆಯುಳ್ಳ, ಬೆಂಗಳೂರಿನಲ್ಲಿಯೂ ಘಟಕ ಹೊಂದಿರುವ ಅಲಿಮ್ಕೊ ಎಂಬ ಸಾರ್ವಜನಿಕ ಉದ್ದಿಮೆ ಗಾಲಿಕುರ್ಚಿಗಳನ್ನು ತಯಾರಿಸಿ ಶಿಬಿರಗಳ ಮೂಲಕ ಹಂಚುತ್ತದೆ. ಇನ್ನೊಂದು ಕಡೆ ವಸತಿ ಇಲಾಖೆ ಅದೇ ಕುಟುಂಬಕ್ಕೆ ಮನೆಯನ್ನು ಮಂಜೂರು ಮಾಡುತ್ತದೆ. ಕುರ್ಚಿ ಕೊಟ್ಟವರು ಮನೆಯ ಬಾಗಿಲನ್ನು ಅಳೆದಿರುವುದಿಲ್ಲ, ಮನೆ ಕೊಟ್ಟವರು ಕುರ್ಚಿಯನ್ನು ಅಳೆದಿರುವುದಿಲ್ಲ. ಹೀಗಾಗಿ ಸರ್ಕಾರವೇ ಕೊಟ್ಟ ಕುರ್ಚಿ ಸರ್ಕಾರವೇ ಕೊಟ್ಟ ಮನೆಯ ಹೊರಗೆ, ಜಗಲಿಯ ಕೆಳಗೆ, ಬಿಸಿಲು ಮಳೆಯಲ್ಲಿ ತುಕ್ಕು ಹಿಡಿಯುತ್ತದೆ. ಎರಡೂ ವೆಚ್ಚಗಳ ಉದ್ದೇಶ ಸೋಲುವುದು ಅವುಗಳ ನಡುವೆ ಇರಬೇಕಾಗಿದ್ದ ಮೂರನೆಯ, ಅತಿ ಚಿಕ್ಕ ವೆಚ್ಚವೊಂದು ಇಲ್ಲದಿರುವುದರಿಂದ.

ಕಟ್ಟುನಿಟ್ಟಾದ ಕಾನೂನೊಂದನ್ನು ಮಾಡಿದರೆ ಸಾಲದೇ, ಹಣವೇ ಏಕೆ ಬೇಕು ಎಂಬ ಮರುಪ್ರಶ್ನೆ ಇಲ್ಲಿ ಏಳಬಹುದು. 2015ರ ಡಿಸೆಂಬರ್ 3ರಂದು ಆರಂಭವಾದ ಸುಗಮ್ಯ ಭಾರತ ಅಭಿಯಾನವು ಗಮನವಿಟ್ಟದ್ದು ಸರ್ಕಾರಿ ಕಟ್ಟಡ, ರೈಲು ನಿಲ್ದಾಣ, ವಿಮಾನ ನಿಲ್ದಾಣ, ಬಸ್ಸು, ಜಾಲತಾಣಗಳಂಥ ಸಾರ್ವಜನಿಕ ಸೌಕರ್ಯಗಳ ಮೇಲೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ರಾಜೀವ್ ರತೂರಿ ಪ್ರಕರಣದಲ್ಲಿ ತೀರ್ಪು ನೀಡಿ, ಸುಗಮ್ಯತೆಯ ಮಾನದಂಡಗಳನ್ನು ಕೇವಲ ಸಲಹಾರೂಪದಲ್ಲಿ ಇಟ್ಟಿದ್ದ 2017ರ ನಿಯಮಾವಳಿಯ 15ನೇ ನಿಯಮವು ಮೂಲ ಕಾನೂನಿಗೆ ವಿರುದ್ಧವಾದದ್ದೆಂದು ಸಾರಿತು, ಕಡ್ಡಾಯವಾಗಿ ಪಾಲಿಸಬೇಕಾದ ಕನಿಷ್ಠ ನಿಯಮಗಳನ್ನು ಮೂರು ತಿಂಗಳೊಳಗೆ ರೂಪಿಸಬೇಕೆಂದು ಕೇಂದ್ರಕ್ಕೆ ಸೂಚಿಸಿತು. ಸುಗಮ್ಯತೆ ಎಂದರೆ ದೇಹದ ಸ್ಥಿತಿ ಹೇಗಿದ್ದರೂ ಒಂದು ಸ್ಥಳವನ್ನು ತಲುಪಿ, ಒಳಹೊಕ್ಕು, ಬಳಸಲು ಆಗುವಂಥ ಗುಣ. ಈ ತೀರ್ಪಿನ ಮಹತ್ವ ದೊಡ್ಡದು. ಕಚೇರಿ, ಮಾಲು, ಬ್ಯಾಂಕು, ಆಸ್ಪತ್ರೆಗಳ ಮೇಲೆ ನಿಯಮವನ್ನು ಹೇರಬಹುದು, ಪಾಲಿಸದಿದ್ದರೆ ದಂಡವನ್ನೂ ವಿಧಿಸಬಹುದು. ಆದರೆ 1.20 ಲಕ್ಷ ರೂಪಾಯಿಯ ನೆರವಿಗೆ ಕೈಸಾಲವನ್ನೂ ಸೇರಿಸಿ ಗೋಡೆ ಎಬ್ಬಿಸುತ್ತಿರುವ ಬಡ ಕುಟುಂಬವೊಂದಕ್ಕೆ ರ‍್ಯಾಂಪ್ ಕಟ್ಟದಿದ್ದರೆ ದಂಡ ಹಾಕುತ್ತೇವೆಂದು ಹೇಳುವುದು ನ್ಯಾಯವೂ ಅಲ್ಲ, ಸಾಧ್ಯವೂ ಅಲ್ಲ. ಸಾರ್ವಜನಿಕ ಕಟ್ಟಡದಲ್ಲಿ ಆದೇಶ ಮಾಡಬಲ್ಲ ಕೆಲಸವನ್ನು ಖಾಸಗಿ ಮನೆಯಲ್ಲಿ ಅನುದಾನ ಮಾತ್ರ ಮಾಡಬಲ್ಲದು.

ಈ ಸತ್ಯವನ್ನು ಕಂಡುಕೊಂಡ ದೇಶಗಳು ಹಲವಿವೆ. ಇಂಗ್ಲೆಂಡಿನಲ್ಲಿ ಸ್ಥಳೀಯ ಸಂಸ್ಥೆಗಳು ಅಂಗವಿಕಲರ ಮನೆ ಮಾರ್ಪಾಡಿಗೆ ಗರಿಷ್ಠ 30,000 ಪೌಂಡುಗಳವರೆಗೆ ನೆರವು ನೀಡುವುದು ಕಾನೂನಿನ ಪ್ರಕಾರ ಕಡ್ಡಾಯ. ದೈನಂದಿನ ಚಟುವಟಿಕೆಗಳ ಚಿಕಿತ್ಸಕರೊಬ್ಬರು ಮನೆಗೆ ಬಂದು ಅಗತ್ಯವನ್ನು ಅಂದಾಜು ಮಾಡುತ್ತಾರೆ, ಅರ್ಜಿ ಬಂದ ಆರು ತಿಂಗಳೊಳಗೆ ತೀರ್ಮಾನ ಹೊರಬೀಳಬೇಕು, ಮಕ್ಕಳಿಗಾಗಿ ಕೇಳಿದ ನೆರವಿಗೆ ತಂದೆತಾಯಿಯ ಆದಾಯದ ಪರೀಕ್ಷೆ ಇಲ್ಲ. ಸ್ವೀಡನ್ನಿನಲ್ಲಿ ಇಂಥ ನೆರವನ್ನು ಪುರಸಭೆಗಳು ಯಾರ ಆದಾಯವನ್ನೂ ನೋಡದೆ ಕೊಡುತ್ತವೆ. ಜಪಾನಿನ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು, ಏಕೆಂದರೆ ಅಲ್ಲಿನ ಸಾಂಪ್ರದಾಯಿಕ ಮನೆಗಳಲ್ಲಿಯೂ ಎತ್ತರದ ಪ್ರವೇಶ ಮೆಟ್ಟಿಲು ಮತ್ತು ಕುಕ್ಕರಗಾಲಿನ ಶೌಚಾಲಯ ಇದ್ದವು. 2000ದಲ್ಲಿ ಜಾರಿಗೆ ಬಂದ ದೀರ್ಘಾವಧಿ ಆರೈಕೆ ವಿಮೆಯು ಹಿರಿಯರ ಮನೆಯಲ್ಲಿ ಆಸರೆ ಕಂಬಿ ಹಾಕಲು, ನೆಲದ ಏರುಪೇರು ತೆಗೆಯಲು, ತಳ್ಳುಬಾಗಿಲು ಕೂರಿಸಲು, ಶೌಚದ ಬೇಸಿನ್ನನ್ನು ಕಮೋಡಿಗೆ ಬದಲಿಸಲು 2 ಲಕ್ಷ ಯೆನ್‌ವರೆಗಿನ ವೆಚ್ಚದ ಬಹುಪಾಲನ್ನು ಭರಿಸುತ್ತದೆ. ಅಮೆರಿಕದಲ್ಲಿ 1973ರ ಪುನರ್ವಸತಿ ಕಾಯ್ದೆಯ ಅಡಿ ರೂಪುಗೊಂಡ ನಿಯಮಗಳಂತೆ, ಕೇಂದ್ರದ ಹಣ ಪಡೆದು ಹೊಸದಾಗಿ ಕಟ್ಟುವ ವಸತಿ ಸಮುಚ್ಚಯಗಳಲ್ಲಿ ಶೇ 5ರಷ್ಟು ಮನೆಗಳು ಚಲನೆಯ ತೊಂದರೆ ಉಳ್ಳವರು ಬಳಸುವಂತಿರಬೇಕು. ನಮ್ಮಲ್ಲಿಯೂ ಅಂಕಿ ಶೇ 5ರದ್ದೇ. ಅಲ್ಲಿ ಅದು ಮನೆಯ ರಚನೆಗೆ ಅನ್ವಯಿಸಿದರೆ ಇಲ್ಲಿ ಫಲಾನುಭವಿಗಳ ಪಟ್ಟಿಗೆ ಅನ್ವಯಿಸುತ್ತದೆ.

ಹೊರದೇಶದ ಮಾದರಿಯನ್ನು ಇಲ್ಲಿಗೆ ತರುವುದಕ್ಕೆ ಹೊಸ ಶಾಸನ ಬೇಕಾಗಿಲ್ಲ ಎಂಬುದು ಗಮನಾರ್ಹ. 2016ರ ಅಧಿನಿಯಮದ 24ನೇ ಸೆಕ್ಷನ್, ಅಂಗವಿಕಲರು ಸ್ವತಂತ್ರವಾಗಿ ಅಥವಾ ಸಮುದಾಯದ ನಡುವೆ ಬದುಕಲು ಬೇಕಾದ ಜೀವನಮಟ್ಟಕ್ಕಾಗಿ ಸರ್ಕಾರಗಳು ತಮ್ಮ ಆರ್ಥಿಕ ಸಾಮರ್ಥ್ಯದ ಮಿತಿಯಲ್ಲಿ ಯೋಜನೆಗಳನ್ನು ರೂಪಿಸಬೇಕೆಂದೂ, ಅಂಥ ಯೋಜನೆಗಳಲ್ಲಿ ಅವರಿಗೆ ಸಿಗುವ ನೆರವು ಇತರರಿಗೆ ಸಿಗುವುದಕ್ಕಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕೆಂದೂ ವಿಧಿಸುತ್ತದೆ. ಸ್ವತಂತ್ರ ಬದುಕಿಗೆ ಮನೆಗಿಂತ ನೇರವಾಗಿ ಸಂಬಂಧಿಸಿದ ಯೋಜನೆ ಇನ್ನೊಂದು ಇರಲಾರದು. ಈ ಮಾತನ್ನು ವಸತಿಗೆ ಅನ್ವಯಿಸಿದರೆ 1.20 ಲಕ್ಷ ರೂಪಾಯಿಯ ಘಟಕ ವೆಚ್ಚದ ಮೇಲೆ 30,000 ರೂಪಾಯಿ ಸೇರುತ್ತದೆ. ಅದು ದೊಡ್ಡ ಮೊತ್ತವೇನಲ್ಲ. ಆದರೆ ಅಗಲವಾದ ಬಾಗಿಲಿಗೆ ಹೆಚ್ಚುವರಿ ಗೋಡೆ ಬೇಕಿಲ್ಲ, ತಗ್ಗಿನಲ್ಲಿ ಸ್ವಿಚ್ ಕೂರಿಸುವುದಕ್ಕೆ ಖರ್ಚೇ ಇಲ್ಲ, ನೆಲಮಟ್ಟದ ಹೊಸ್ತಿಲಿಗೆ ಸಾಮಗ್ರಿ ಕಡಿಮೆಯೇ ಸಾಕು. ಹೆಚ್ಚಿನ ಹಣ ನಿಜವಾಗಿ ಬೇಕಾಗುವುದು ರ‍್ಯಾಂಪಿಗೆ, ದೊಡ್ಡ ಶೌಚಾಲಯಕ್ಕೆ, ಕಮೋಡ್ ಹಾಗೂ ಆಸರೆ ಕಂಬಿಗಳಿಗೆ. ಮೊದಲ ದಿನದಿಂದಲೇ ನಕ್ಷೆಯಲ್ಲಿ ಸೇರಿದರೆ ಇವು ಕೈಗೆಟಕುವ ವೆಚ್ಚಗಳು, ಮನೆ ಮುಗಿದ ಮೇಲೆ ಒಡೆದು ಕಟ್ಟಹೊರಟರೆ ಅವೇ ಹೊರೆಯಾಗುತ್ತವೆ.

ಆದ್ದರಿಂದಲೇ ಹಣ ಬಿಡುಗಡೆಯಾಗುವ ಸಮಯ ಅದರ ಮೊತ್ತದಷ್ಟೇ ಮುಖ್ಯ. ಕರ್ನಾಟಕದಲ್ಲಿ ಫಲಾನುಭವಿಗೆ ತಳಪಾಯ, ಲಿಂಟಲ್, ಛಾವಣಿ, ಪೂರ್ಣಗೊಂಡ ಮನೆ ಎಂಬ ಹಂತಗಳಲ್ಲಿ, ಸ್ಥಳ ಗುರುತು ಇರುವ ಛಾಯಾಚಿತ್ರದ ಆಧಾರದ ಮೇಲೆ ಕಂತುಗಳು ಸಂದಾಯವಾಗುತ್ತವೆ. ಪಾಯದ ಎತ್ತರ, ರ‍್ಯಾಂಪಿನ ದಿಕ್ಕು, ಶೌಚಾಲಯದ ಅಳತೆ ಇವೆಲ್ಲ ತಳಪಾಯದ ಹಂತದಲ್ಲೇ ನಿರ್ಧಾರವಾಗುವುದರಿಂದ ಹೆಚ್ಚುವರಿ ಮೊತ್ತ ಮೊದಲ ಕಂತಿನ ಜೊತೆಗೇ ಬರಬೇಕು, ಅಂತಿಮ ಕಂತಿನ ಛಾಯಾಚಿತ್ರದಲ್ಲಿ ರ‍್ಯಾಂಪು, ಬಾಗಿಲು ಮತ್ತು ಶೌಚಾಲಯ ಕಾಣಿಸಬೇಕು. ಎರಡನೆಯದಾಗಿ, ಅರ್ಜಿದಾರರು ಅಂಗವಿಕಲರೇ ಎಂದು ಕೇಳುವ ಬದಲು ಮನೆಯಲ್ಲಿ ಗಾಲಿಕುರ್ಚಿ ಬಳಸುವವರು ಇದ್ದಾರೆಯೇ ಎಂದು ಕೇಳಬೇಕು. ಮನೆ ಸಾಮಾನ್ಯವಾಗಿ ಮಹಿಳೆಯ ಹೆಸರಿನಲ್ಲಿ ಮಂಜೂರಾಗುವುದರಿಂದ, ನಡೆಯಲಾಗದ ಮಗುವಿನ ತಾಯಿ ಈಗಿನ ಲೆಕ್ಕದಲ್ಲಿ ಸಾಮಾನ್ಯ ಫಲಾನುಭವಿಯಾಗಿ ಉಳಿದುಬಿಡುತ್ತಾಳೆ. ಮೂರನೆಯದಾಗಿ, ಪಂಚಾಯಿತಿ ಎಂಜಿನಿಯರರ ಕೈಯಲ್ಲಿ ಬಯಲುಸೀಮೆಗೂ ಮಳೆಸೀಮೆಗೂ ಹೊಂದುವ ಸಿದ್ಧ ನಕ್ಷೆಗಳಿರಬೇಕು, ಪ್ರತಿ ಪಂಚಾಯಿತಿಯಲ್ಲಿಯೂ ಇರಬೇಕಾದ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಮನೆಯನ್ನು ಅಳೆಯುವ ತರಬೇತಿ ಕೊಡಬೇಕು. ಸ್ವತಃ ಅಂಗವಿಕಲರೇ ಆಗಿರುವ ಈ ಕಾರ್ಯಕರ್ತರಿಗಿಂತ ಚೆನ್ನಾಗಿ ಆ ಅಳತೆಯನ್ನು ಬಲ್ಲವರು ಸಿಗುವುದಿಲ್ಲ.

ಈಗಾಗಲೇ ಕಟ್ಟಿದ ಮನೆಗಳಿಗೆ ಬೇರೆಯೇ ದಾರಿ ಬೇಕು. ವೈಕಲ್ಯ ಮನೆ ಕಟ್ಟಿದ ಮೇಲೆ ಬಂದೀತು, ಹಾಗೆ ಬಂದವರು ಇನ್ನೊಂದು ಮನೆಯನ್ನು ಕೇಳುತ್ತಿಲ್ಲ, ಇರುವ ಮನೆಗೆ ಒಂದು ರ‍್ಯಾಂಪನ್ನೂ ಬಳಸಬಹುದಾದ ಬಚ್ಚಲನ್ನೂ ಕೇಳುತ್ತಿದ್ದಾರೆ. ಇದಕ್ಕೆ ರಾಜ್ಯ ಬಜೆಟ್ಟಿನಲ್ಲಿ ಮನೆ ಮಾರ್ಪಾಡು ಅನುದಾನವೆಂಬ ಪ್ರತ್ಯೇಕ ಲೆಕ್ಕ ಶೀರ್ಷಿಕೆ ಇರಬೇಕು. ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗೆ ಮೀಸಲಿಡುವ ಶೇ 5ರ ನಿಧಿಯನ್ನೂ ಅದರೊಂದಿಗೆ ಜೋಡಿಸಬಹುದು. ನಗರಗಳಲ್ಲಿ ಬಾಡಿಗೆದಾರರ ಪಾಡು ಇನ್ನೂ ಕಠಿಣ, ಏಕೆಂದರೆ ಅಲ್ಲಿ ಹಣದ ಜೊತೆಗೆ ಮಾಲೀಕರ ಒಪ್ಪಿಗೆಯೂ ಬೇಕು. ಬಿಚ್ಚಿ ಒಯ್ಯಬಹುದಾದ ಲೋಹದ ರ‍್ಯಾಂಪು ಮತ್ತು ಕಂಬಿಗಳಿಗೂ, ಮನೆ ಬಿಡುವಾಗ ಗೋಡೆಯನ್ನು ಮೊದಲಿನಂತೆ ಮಾಡಿಕೊಡುವ ವೆಚ್ಚಕ್ಕೂ ಅನುದಾನ ಸಲ್ಲುವಂತಾದರೆ ಒಪ್ಪಿಗೆ ಪಡೆಯುವುದು ಸುಲಭವಾಗುತ್ತದೆ. ಲಿಫ್ಟ್ ಇಲ್ಲದ ಮೂರು ನಾಲ್ಕು ಅಂತಸ್ತಿನ ಸರ್ಕಾರಿ ಸಮುಚ್ಚಯಗಳಲ್ಲಿ ನೆಲಮಹಡಿಯ ಮನೆಗಳನ್ನು ಲಾಟರಿಗೆ ಮೊದಲೇ ಬೇರ್ಪಡಿಸಿ, ರಸ್ತೆಯಿಂದ ಬಾಗಿಲವರೆಗಿನ ದಾರಿಯನ್ನೂ ಸಮತಟ್ಟು ಮಾಡದೆ ಹೋದರೆ ಆ ಆದ್ಯತೆಗೆ ಅರ್ಥವಿರುವುದಿಲ್ಲ.

ಬಡವರೆಲ್ಲರಿಗೂ ಮನೆ ಕೊಡಲಾಗದ ಸರ್ಕಾರ ಕೆಲವರ ಮನೆಗೆ ಹೆಚ್ಚು ಹಣ ಕೊಡುವುದು ಸರಿಯೇ ಎಂಬ ಆಕ್ಷೇಪಕ್ಕೆ ಉತ್ತರ ಕೊಡಬೇಕಾದದ್ದು ಅಗತ್ಯ, ಏಕೆಂದರೆ ಅದನ್ನು ಎತ್ತುವವರಲ್ಲಿ ಬಡವರ ಬಗ್ಗೆ ಕಾಳಜಿಯುಳ್ಳವರೂ ಇದ್ದಾರೆ. ಸಮಾನ ಮೊತ್ತದಿಂದ ಸಮಾನ ಮನೆ ಸಿಗುವುದಿಲ್ಲ, ನಡೆಯಬಲ್ಲವರಿಗೆ 1.20 ಲಕ್ಷ ರೂಪಾಯಿ ಕೊಡುವ ಮನೆಯನ್ನೇ ನಡೆಯಲಾಗದವರಿಗೂ ಕೊಡಬೇಕಾದರೆ ಅದಕ್ಕಿಂತ ಹೆಚ್ಚು ಬೇಕು, ಮತ್ತು ಆ ಹೆಚ್ಚಳ ರಿಯಾಯಿತಿಯಲ್ಲ, ಸಮಾನತೆಯ ಬೆಲೆ. ಅದನ್ನು ಕೊಡದಿದ್ದರೆ ವೆಚ್ಚ ಮಾಯವಾಗುವುದೂ ಇಲ್ಲ. ತಪ್ಪಿದ ಕೂಲಿಯಾಗಿ, ಸರ್ಕಾರಿ ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ದಾಖಲಾಗುವ ಹಾಸಿಗೆ ಹುಣ್ಣಿನ ರೋಗಿಯಾಗಿ, ಓದು ಬಿಟ್ಟ ಮಗುವಾಗಿ ಅದು ವರ್ಷ ವರ್ಷವೂ ಮರಳುತ್ತದೆ. ಇಂಗ್ಲೆಂಡಿನ ಅನುಭವದಲ್ಲಿ ಇಲ್ಲಿಗೆ ಬೇಕಾದ ಎಚ್ಚರಿಕೆಯೊಂದೂ ಇದೆ: ಅಲ್ಲಿನ 30,000 ಪೌಂಡುಗಳ ಮಿತಿ ನಿಗದಿಯಾದದ್ದು 2008ರಲ್ಲಿ, ಆಮೇಲೆ ಕೂಲಿ ಮತ್ತು ಸಾಮಗ್ರಿಗಳ ಬೆಲೆ ಏರುತ್ತ ಹೋದರೂ ಮಿತಿ ಏರಲಿಲ್ಲ. ಸಿಮೆಂಟು, ಕಬ್ಬಿಣ, ಮರಳಿನ ದರಕ್ಕೆ ತಕ್ಕಂತೆ ಪರಿಷ್ಕರಣೆಯಾಗದ ಅನುದಾನ ಕೆಲವೇ ವರ್ಷಗಳಲ್ಲಿ ಹೆಸರಿಗಷ್ಟೇ ಉಳಿಯುತ್ತದೆ.

ಕಾನೂನಿನ ಬಲ, ಕಂತಿನ ವ್ಯವಸ್ಥೆ, ಊರೂರಿನಲ್ಲಿ ಕಾರ್ಯಕರ್ತರು, ಅಂಗವಿಕಲರ ಗುರುತಿನ ಚೀಟಿ, ಇವೆಲ್ಲವೂ ಈಗಾಗಲೇ ಸಿದ್ಧವಾಗಿರುವ ರಾಜ್ಯದಲ್ಲಿ ಇಲ್ಲದಿರುವುದು ಬಜೆಟ್ಟಿನ ಒಂದು ಸಾಲು ಮಾತ್ರ. ವಸತಿ ಇಲಾಖೆಯೂ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯೂ ಕೂಡಿ ಕುಳಿತು ಆ ಸಾಲನ್ನು ಮುಂದಿನ ಬಜೆಟ್ಟಿಗೆ ಬರೆಯಬೇಕು. ಅದಕ್ಕಿಂತ ಮೊದಲು, ತಮ್ಮೂರಿನ ಮುಂದಿನ ಗ್ರಾಮ ಸಭೆಯಲ್ಲಿ ಫಲಾನುಭವಿಗಳ ಪಟ್ಟಿ ಓದುವಾಗ ಯಾವ ಮನೆಯಲ್ಲಿ ಗಾಲಿಕುರ್ಚಿ ಇದೆ, ಆ ಮನೆಯ ಪಾಯವನ್ನು ಎಷ್ಟು ಎತ್ತರಕ್ಕೆ ಹಾಕಲಾಗುತ್ತಿದೆ ಎಂಬ ಎರಡು ಪ್ರಶ್ನೆಗಳನ್ನು ಓದುಗರು ಎದ್ದು ನಿಂತು ಕೇಳಲಿ, ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಲಿ.